ಗೋಡೆಯಾಚೆಗೆ ಹೋದ ನೀರು

ನನ್ನ ಸೋದರತ್ತೆಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಬಾಯ್ಲರಿನ ಕೊಳವೆಯೊಂದು ಸಡಿಲಗೊಂಡು ಚಿಮ್ಮಿದ ಹಬೆ ಅದನ್ನು ಬೇರುಸಹಿತ ಒಯ್ದಿತ್ತು. ಪ್ರತಿ ಬೆಳಿಗ್ಗೆ ಕನ್ನಡಿಯ ಮುಂದೆ ಕುಳಿತು ಕಾಡಿಗೆಯ ಪೆನ್ಸಿಲಿನಿಂದ ಹೊಸ ಹುಬ್ಬೊಂದನ್ನು ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಸೆಕೆಗೆ ಅದು ಕರಗಿ ಕೆನ್ನೆಯ ಕಡೆಗೆ ಇಳಿಯುತ್ತಿತ್ತು. ಕೆಲಸದ ಹೆಂಗಸರು ಗಡಿಯಾರ ನೋಡುತ್ತಿರಲಿಲ್ಲ. "ಅಕ್ಕಾರ ಹುಬ್ಬು ಇಳದೈತಿ, ಬುತ್ತಿ ಬಿಚ್ರೇ" ಎನ್ನುತ್ತಿದ್ದರು. ಅತ್ತೆಗೂ ಅದು ಕೇಳಿಸುತ್ತಿತ್ತು. "ನಗ್ರಿ, ನಗ್ರಿ. ಅವತ್ತ ನಾ ಮುಂದ ನಿಂತಿದ್ದಕ್ಕ ನಿಮ್ಮ ಹುಬ್ಬು ಉಳದಾವ" ಎಂದು ತಾವೂ ನಗುತ್ತಿದ್ದರು.

ತೆಲುಗು ಸೀಮೆಯ ದೊಡ್ಡ ನಗರವೊಂದರ ಅಂಚಿನ ಕುಷಾಯಿಗೂಡದ ಆಚೆ, ಸಣ್ಣ ಕೈಗಾರಿಕೆಗಳು ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ವಸಾಹತಿನಲ್ಲಿ ಅವರದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆಗಳ ಹಾಸಿಗೆಯ ದುಪ್ಪಟಿ, ಹೋಟೆಲುಗಳ ಟವೆಲು, ಮದುವೆ ಮಂಟಪಗಳ ಮೇಜಿನ ಬಟ್ಟೆ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ತಲೆಯ ಮೇಲೆ ಇಟ್ಟಿಗೆ ಹೊತ್ತು ಸಾಕಾದ ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಶೆಡ್ಡಿನ ಒಳಗೆ ಕನ್ನಡ, ಗೇಟಿನಲ್ಲಿ ತೆಲುಗು, ಹಿತ್ತಲ ಗೋಡೆಯ ಬಳಿ ದಖ್ಖನಿ. ಅತ್ತೆ ಮೂರನ್ನೂ ಒಂದೇ ದನಿಯಲ್ಲಿ ಆಡುತ್ತಿದ್ದರು, ಆ ದನಿ ಮಾತ್ರ ಯಾವ ಭಾಷೆಯಲ್ಲೂ ಸಣ್ಣದಾಗುತ್ತಿರಲಿಲ್ಲ.

ಆ ಹಿತ್ತಲ ಗೋಡೆಯನ್ನು ನೆನೆದರೆ ನನಗೆ ಈಗಲೂ ಬೆರಗು. ಅದರಲ್ಲಿ ಅಲ್ಲಲ್ಲಿ ರಂಧ್ರ ಕೊರೆದು ಕೊಳವೆಗಳನ್ನು ಹಾಯಿಸಿದ್ದರು. ಬಲಗಡೆಯ ಐಸ್ ಫ್ಯಾಕ್ಟರಿಯ ಯಂತ್ರಗಳನ್ನು ತಂಪು ಮಾಡಿ ತಾನು ಬೆಚ್ಚಗಾದ ನೀರು, ಮೊದಲು ಗಟಾರಕ್ಕೆ ಹೋಗುತ್ತಿದ್ದದ್ದು, ಈಗ ಅತ್ತೆಯ ಬಟ್ಟೆಗೆ ಬರುತ್ತಿತ್ತು. ಹಿಂಬದಿಯ ಟೈರು ಕಾರ್ಖಾನೆಯಲ್ಲಿ ಮಿಕ್ಕ ಹಬೆ ಅತ್ತೆಯ ಒಣಗಿಸುವ ಯಂತ್ರಕ್ಕೆ ಬರುತ್ತಿತ್ತು. ಅತ್ತೆಯ ಕಾರ್ಖಾನೆಯಲ್ಲಿ ಬಟ್ಟೆ ಜಾಲಾಡಿದ ಕಡೆಯ ನೀರೂ ಬಾಯ್ಲರಿನ ಬೂದಿಯೂ ಎಡಗಡೆಯ ಸಿಮೆಂಟ್ ಇಟ್ಟಿಗೆಯ ಅಂಗಳಕ್ಕೆ ಹೋಗುತ್ತಿದ್ದವು. ಇದನ್ನು ವಿಶ್ವವಿದ್ಯಾಲಯದಲ್ಲಿ ನಮಗೆ ಕೈಗಾರಿಕಾ ಸಹಜೀವನ ಎಂಬ ಗಂಭೀರ ಹೆಸರಿನಲ್ಲಿ ಪಾಠ ಮಾಡುತ್ತಿದ್ದರು. ಅತ್ತೆಯ ಬಳಿ ಅದಕ್ಕೆ ಹೆಸರಿರಲಿಲ್ಲ. "ಬಿಸಿನೀರು ಗಟಾರಕ್ಕ ಬಿಡೂದಂದ್ರ ಗಂಜಿ ಬಸಿಯಾಕ ಹೋಗಿ ಅನ್ನಾನ ಚೆಲ್ಲಿದಂಗ" ಎನ್ನುತ್ತಿದ್ದರು. ನಾನು ಹೋದಾಗಲೆಲ್ಲ ನನ್ನ ಅಂಗೈಯನ್ನು ಹಿಡಿದು ಐಸ್ ಫ್ಯಾಕ್ಟರಿಯ ಕೊಳವೆಯ ಮೇಲೆ ಇಡಿಸುತ್ತಿದ್ದರು. ಹಿಮಗಡ್ಡೆ ತಯಾರಾಗುವ ಜಾಗದಿಂದ ಬರುವ ಆ ಕೊಳವೆ, ಮಲಗಿರುವ ಎಮ್ಮೆಯ ಹೊಟ್ಟೆಯಂತೆ ಬೆಚ್ಚಗಿರುತ್ತಿತ್ತು.

ಆದರೆ ಬೆರಗಿನ ಮೂಲ ಕೊಳವೆಗಳಲ್ಲಿ ಇರಲಿಲ್ಲ. ಕೊಳವೆಯನ್ನು ಯಾರಾದರೂ ಹಾಕಿಸಬಹುದು. ಅತ್ತೆ ಆ ಗೋಡೆಯ ಬಳಿ ಒಂದು ಪದ್ಧತಿಯನ್ನು ನಿಲ್ಲಿಸಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ನೀರು ಕೊಡುವ ಮಾಲೀಕ ತಾನೇ ಬಂದು, ತಾನು ಕೊಡುವ ನೀರಿನಲ್ಲಿ, ಪಡೆಯುವವರ ಎದುರು ಕೈ ತೊಳೆಯಬೇಕು. ಆಮೇಲೆ ಅದೇ ಕೈಯಲ್ಲಿ ಉಸ್ಮಾನಿಯಾ ಬಿಸ್ಕತ್ತು ಎತ್ತಿಕೊಂಡು, ಚಹಾದಲ್ಲಿ ಅದ್ದಿ ತಿನ್ನಬೇಕು. ಅಷ್ಟೇ. ಐಸ್ ಫ್ಯಾಕ್ಟರಿಯ ಸೇಠರು ವಯಸ್ಸಾದವರು, ಸಕ್ಕರೆ ಕಾಯಿಲೆಯವರು. "ಆಪಾ, ಡಾಕ್ಟರ್ ಬಿಸ್ಕುಟ್ ನಕ್ಕೋ ಬೋಲಾ" ಎಂದು, ಡಾಕ್ಟರು ಬೇಡವೆಂದಿದ್ದಾರೆಂದು, ಪ್ರತಿ ವಾರ ಗೋಗರೆಯುತ್ತಿದ್ದರು. "ಹಂಗಾದ್ರ ಅರ್ಧಾ ತಿನ್ರಿ ಸೇಠಜೀ. ಪೂರಾ ಬಿಡೂ ಹಂಗಿಲ್ಲ." ಅವರು ಅರ್ಧ ತಿಂದು, ಉಳಿದರ್ಧವನ್ನೂ ಯಾರೂ ನೋಡದಾಗ ಮುಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸೇಠರ ಬೋರ್‌ವೆಲ್ ಕೈಕೊಟ್ಟಿತು. ಬೆಚ್ಚನೆಯ ನೀರು ಬೆರಳಿನಷ್ಟು ಸಣ್ಣದಾಗಿ ಬರತೊಡಗಿತು. ಆಸ್ಪತ್ರೆಯ ಬಟ್ಟೆ ಕಾಯುವ ವಸ್ತುವಲ್ಲ. ಇಂದು ಬಂದದ್ದು ನಾಳೆ ಹೋಗದಿದ್ದರೆ ಅವರು ಬೇರೆಯವರನ್ನು ಹುಡುಕುತ್ತಾರೆ, ಹುಡುಕಿದರೆ ಮರಳುವುದಿಲ್ಲ. ಅತ್ತೆಯ ಕಾರ್ಖಾನೆ ಮುಚ್ಚಿದರೆ ಆ ಹೆಂಗಸರಿಗೆ ಮತ್ತೆ ತಲೆಯ ಮೇಲಿನ ಇಟ್ಟಿಗೆಯೇ ಗತಿ. ಅದೇ ಸಮಯಕ್ಕೆ, ರಸ್ತೆಯಾಚೆ ಹೊಸದಾಗಿ ಬಂದಿದ್ದ ರಾಸಾಯನಿಕ ಕಾರ್ಖಾನೆಯ ಮಾಲೀಕರು ತಾವಾಗಿಯೇ ಮುಂದೆ ಬಂದರು. ಮೈಸೂರು ಕಡೆಯವರು, ಮೃದುಭಾಷಿ. ಎಷ್ಟು ಬೇಕಾದರೂ ಬಿಸಿನೀರು ಕೊಡುತ್ತೇವೆಂದರು. ಕೊಳವೆಯನ್ನೂ ತಾವೇ ಹಾಕಿಸಿದರು. ಸೋಮವಾರ ಗೋಡೆಯ ಬಳಿಗೆ ಬಂದಾಗ ನಾನೂ ಅಲ್ಲಿದ್ದೆ.

"ಲ್ಯಾಬ್ ರಿಪೋರ್ಟ್ ಎಲ್ಲಾ ಕ್ಲಿಯರ್ ಆಗಿದೆ ಮೇಡಂ, ನೀವು ಯೋಚನೆ ಮಾಡೋ ಹಾಗೇ ಇಲ್ಲ" ಎಂದರು.

"ಭಾಳ ಚಲೋ ಆತ್ರಿ. ರಿಪೋರ್ಟ್ ಇಟಗೋತೀನಿ. ಈಗ ಕೈ ತೊಳ್ಕೋರಿ, ಚಾ ಆರಾಕತ್ತೈತಿ."

ಅವರು ನಕ್ಕು, ಗಡಿಯಾರ ಬಿಚ್ಚಿ, ತೋಳು ಮಡಚಿ, ತಮ್ಮ ನೀರಿನಲ್ಲಿ ಎರಡೂ ಕೈ ತೊಳೆದರು. ನೀರು ಕನ್ನಡಿಯಂತಿತ್ತು. ಅತ್ತೆ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು. ಆ ಮನುಷ್ಯ ಕೈ ಚಾಚಲಿಲ್ಲ. ಹಿಂದೆ ತಿರುಗಿ ಡ್ರೈವರನನ್ನು ಕರೆದರು. ಆತ ಕಾರಿನಿಂದ ನೀರಿನ ಬಾಟಲಿ ತಂದ. ಮಾಲೀಕರು ಪಕ್ಕಕ್ಕೆ ಸರಿದು ಬಾಟಲಿಯ ನೀರಿನಲ್ಲಿ ಕೈಗಳನ್ನು ಇನ್ನೊಮ್ಮೆ, ಉಗುರಿನ ಸಂದಿಯವರೆಗೂ, ತೊಳೆದುಕೊಂಡು ಬಂದರು. ಆಮೇಲೆ ಬಿಸ್ಕತ್ತಿಗೆ ಕೈ ಹಾಕಿದರು.

ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ್ರಿ" ಎಂದರು. ಬಿಸ್ಕತ್ತಿಗೋ ನೀರಿಗೋ ಎಂದು ಆತನಿಗೆ ಕ್ಷಣಕಾಲ ತಿಳಿಯಲಿಲ್ಲ. ಅತ್ತೆ ಬಗ್ಗಿ, ಬೇಸಿಗೆಯನ್ನೆಲ್ಲ ದಾಟಿಸಬಲ್ಲ ಆ ವಾಲ್ವನ್ನು ತಮ್ಮ ಕೈಯಾರೆ ಮುಚ್ಚಿದರು. "ಚಾ ಮಾತ್ರ ಕುಡದು ಹೋಗ್ರಿ. ಅದು ನಮ್ಮ ನೀರಾಗ ಮಾಡಿದ್ದು."

ನಾನು ಉರಿದುಹೋದೆ. ಆ ಕಾರ್ಖಾನೆಯ ಮೇಲೆ ಅಂದೇ ದೂರು ಬರೆಯುತ್ತೇನೆ, ಅದು ವಿಷವನ್ನು ಹಂಚುತ್ತಿದೆಯೆಂದು ಊರಿಗೆಲ್ಲ ಸಾರುತ್ತೇನೆ ಎಂದು ಕೂಗಾಡಿದೆ. ಅತ್ತೆ ಕೇಳಿಸಿಕೊಂಡು, "ಬರಿ. ಆದ್ರ ಕಂಡಷ್ಟ ಬರಿ. ಆ ನೀರಾಗ ಏನೈತಿ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅವ ಎರಡ ಸಲ ಕೈ ತೊಳಕೊಂಡ. ಕಂಡಿದ್ದು ಅದು" ಎಂದರು. ನಾನು ಮಾಲಿನ್ಯ ಮಂಡಳಿಗೆ ಅಷ್ಟನ್ನೇ ಬರೆದು, ನೀರನ್ನು ಪರೀಕ್ಷಿಸಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಇಂದಿಗೂ ಬಂದಿಲ್ಲ.

ಇದ್ದ ನೀರಿನಲ್ಲೇ ಬೇಸಿಗೆ ಕಳೆಯಬೇಕಾಗಿತ್ತು. ಅತ್ತೆ ಹೊಸದೊಂದು ಸಾಬೂನು ಪುಡಿ ತರಿಸಿದರು. ಅದಕ್ಕೆ ಒಂದು ಜಾಲಾಟ ಕಡಿಮೆ ಸಾಕಿತ್ತು. ಸೋಮವಾರ ಬಂದಾಗ, ಎಡಗಡೆಯ ಇಟ್ಟಿಗೆಯ ಅಂಗಳದವನ ಎದುರು, ಜಾಲಾಡಿದ ಆ ನೀರಿನಲ್ಲಿ ಕೈ ತೊಳೆದು, "ನೋಡ್ರಿ, ಹೂವಿನಂಗ ಆದ್ವು" ಎಂದು ಅಂಗೈ ತೋರಿಸಿ, ಒಂದರ ಬದಲು ಎರಡು ಬಿಸ್ಕತ್ತು ತಿಂದರು. ಇಟ್ಟಿಗೆಯವ ಸಂತೋಷದಿಂದ ತನ್ನ ಕಡೆಯ ವಾಲ್ವನ್ನು ತೆರೆದಿಟ್ಟ.

ಇಟ್ಟಿಗೆಯವ ನಾರಾಯಣಪೇಟೆ ಕಡೆಯ ಆಳು; ತೆಲುಗಿನ ರಾಗದಲ್ಲಿ ಕನ್ನಡ ಆಡುತ್ತಿದ್ದ. ಕೆಲ ವಾರಗಳಲ್ಲಿ ಅವನ ಇಟ್ಟಿಗೆಗಳು ಮೂಲೆ ಉದುರತೊಡಗಿದವು. ಗಿರಾಕಿಗಳು ಲಾರಿ ತುಂಬ ವಾಪಸು ತಂದು ಸುರಿದರು. ಅವನು ಸಿಮೆಂಟಿನ ಅಂಗಡಿಯವನಿಗೆ ಕಲಬೆರಕೆಯವನೆಂದು ಬಾಯಿಗೆ ಬಂದಂತೆ ಬೈದು, ಕೈ ಕೈ ಮಿಲಾಯಿಸುವ ತನಕ ಹೋದ. ಅತ್ತೆ ಸುಮ್ಮನೆ ನೋಡಿ ಬರಲೆಂದು ಗೋಡೆ ಸುತ್ತಿಕೊಂಡು ಹೋದರು, ನಾನೂ ಜೊತೆಗಿದ್ದೆ. ಒಡೆದ ಇಟ್ಟಿಗೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಒಳಗೆಲ್ಲ ಸಣ್ಣ ಸಣ್ಣ ತೂತು, ದೋಸೆಯ ಮೈಯ ಹಾಗೆ. ಬೆರಳಲ್ಲಿ ತಿಕ್ಕಿದರು. ಅವರ ಮುಖ ಬದಲಾದದ್ದನ್ನು ನಾನು ಕಂಡೆ. ನೊರೆ! ಸಾಬೂನಿನ ನೊರೆ ಸಿಮೆಂಟಿನೊಳಗೆ ಗಾಳಿ ತುಂಬಿತ್ತು. ಕೈಗೆ ಹೂವಿನಂತಿದ್ದ ನೀರು ಇಟ್ಟಿಗೆಯನ್ನು ಒಳಗಿನಿಂದ ಪೊಳ್ಳು ಮಾಡಿತ್ತು.

ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಾಗುವ ಸಂಭವವೂ ಇರಲಿಲ್ಲ. ಹಳೆಯ ಸಾಬೂನಿಗೆ ಮರಳಿ, ತುಟಿ ಬಿಗಿದುಕೊಂಡಿದ್ದರೆ ಸಿಮೆಂಟಿನವನೇ ಶಾಶ್ವತವಾಗಿ ಅಪರಾಧಿಯಾಗಿ ಉಳಿಯುತ್ತಿದ್ದ. ಹೇಳಿದರೆ ಇಟ್ಟಿಗೆಯವ ವಾಲ್ವ್ ಮುಚ್ಚುತ್ತಾನೆ. ಮುಚ್ಚಿದರೆ ಅತ್ತೆಯ ನೀರಿಗೆ ಹೋಗಲು ದಾರಿಯಿಲ್ಲ. ದಾರಿಯಿಲ್ಲದಿದ್ದರೆ ಯಂತ್ರಗಳು ನಿಲ್ಲುತ್ತವೆ. ಇದನ್ನೆಲ್ಲ ನಾನು ಈಗ ಸಾಲಾಗಿ ಬರೆಯುತ್ತಿದ್ದೇನೆ. ಅತ್ತೆ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಸಿಮೆಂಟಿನವನಿಗೆ ಫೋನಿನಲ್ಲಿ ಬೈಯುತ್ತಿದ್ದವನ ತೋಳು ಹಿಡಿದರು.

"ಅವನಿಗೆ ಬೈಬ್ಯಾಡಪ್ಪ. ಫೋನ್ ಇಡು. ನಿನ್ನ ಇಟ್ಟಂಗಿ ಕೆಡಿಸಿದ್ದು ನನ್ನ ನೀರು."

ಅವನು ನಂಬಲಿಲ್ಲ. "ನೀನು ಬಿಸ್ಕಟ್ಟು ತಿಂದೆ ಕದಾ ಅಕ್ಕಾ?"

"ತಿಂದೆ. ಹೊಟ್ಟಿಗೆ ಏನೂ ಆಗಲಿಲ್ಲ. ನೀರು ಕೊಟ್ಟಿದ್ದು ಹೊಟ್ಟಿಗಲ್ಲಲ್ಲ, ಇಟ್ಟಂಗಿಗೆ. ಅದನ್ನ ನಾ ಕೇಳಲಿಲ್ಲ."

ಅವನು ಫೋನನ್ನು ಜೇಬಿಗಿಳಿಸಿ, ಹೋಗಿ ವಾಲ್ವ್ ಮುಚ್ಚಿದ. ಮರುದಿನ ಅತ್ತೆಯ ಯಂತ್ರಗಳು ನಿಂತವು.

ವಸಾಹತಿನ ಮುಂದೆ ಒಂದು ನಾಲೆಯಿತ್ತು. ಅದು ಕೆರೆಗೆ ಹೋಗುತ್ತಿತ್ತು. ಅರ್ಧ ವಸಾಹತು ತನ್ನ ಕೊಳೆಯನ್ನು ಅದಕ್ಕೇ ಬಿಡುತ್ತಿತ್ತು. ಸೇಠರು ಕನಿಕರದಿಂದಲೇ ಅಂದರು, "ಆಪಾ, ಸಬ್ ಛೋಡ್‌ತೆ. ಕೌನ್ ಪೂಛ್‌ತಾ?" ಎಲ್ಲರೂ ಬಿಡುತ್ತಾರೆ, ಕೇಳುವವರು ಯಾರು?

"ನಾಲಾದ ಆಕಡಿ ತುದಿಗೆ ಕೈ ತೊಳಿಯೋರು ಯಾರರ ಇರತಾರಲ್ರಿ ಸೇಠಜೀ. ಅವರನ್ನ ಕೇಳಿ ಬರ್ರಿ. ಅವರು ಹೂಂ ಅಂದ್ರ ಬಿಡತೀನಿ."

ಸೇಠರು ಎಲ್ಲಿಗೂ ಹೋಗಲಿಲ್ಲ. ಅತ್ತೆ ಹೋದರು, ಆದರೆ ಕೆರೆಯ ಕಡೆಗಲ್ಲ. ಕೆಟ್ಟ ಇಟ್ಟಿಗೆಗಳು ಯಾರ್ಯಾರ ಮನೆಗೆ ಸೇರಿದ್ದವೋ ಅಲ್ಲಿಗೆಲ್ಲ ಇಟ್ಟಿಗೆಯವನನ್ನು ಕರೆದುಕೊಂಡು ಹೋದರು. ಕುಷಾಯಿಗೂಡದ ಒಂದು ಮನೆಯಲ್ಲಿ ಮಾಳಿಗೆಯ ಅಂಚಿನ ಗೋಡೆ ಆಗಲೇ ಎದ್ದಿತ್ತು, ಬಣ್ಣವೂ ಆಗಿತ್ತು. ಮನೆಯೊಡತಿ ಬಾಗಿಲಲ್ಲಿ ನಿಂತು, ಅರ್ಧ ಅಳಿಸಿದ ಹುಬ್ಬಿನ ಈ ಹೆಂಗಸನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇಟುಕಲವಾಡು ಸರೇ, ಮೀರೆವರಮ್ಮಾ?" ಎಂದಳು. ಇಟ್ಟಿಗೆಯವನು ಯಾರೆಂದು ತಿಳಿಯಿತು, ನೀವು ಯಾರು? ಅತ್ತೆ, "ನಾನು ಅದರೊಳಗಿನ ನೀರಿನವಳು" ಎಂದು ತೆಲುಗಿನಲ್ಲೇ ಉತ್ತರಿಸಿದರು. ಅವಳಿಗೆ ಇದು ಹುಚ್ಚೆನಿಸಿತು. ಮಕ್ಕಳು ಆ ಗೋಡೆಗೆ ಒರಗಿ ಗಾಳಿಪಟ ಹಾರಿಸುತ್ತಾರೆಂದು ಅತ್ತೆ ಬಿಡಿಸಿ ಹೇಳಿದ ಮೇಲೆ ದಾರಿ ಬಿಟ್ಟಳು. ಕೆಲಸವಿಲ್ಲದೆ ಕುಳಿತಿದ್ದ ನಮ್ಮ ಹೆಂಗಸರೇ ಬಂದು ಆ ಗೋಡೆಯನ್ನು ಕೆಡವಿದರು. ಮತ್ತೆ ಕಟ್ಟುವ ಕೆಲಸಕ್ಕೂ ಅವರೇ ನಿಂತರು.

ಅತ್ತೆ ಹಳೆಯ ಸಾಬೂನಿಗೆ ಮರಳಿದರು. ಇಟ್ಟಿಗೆಯವ ಜಾಲಾಟದ ನೀರಿನಲ್ಲಿ ಒಂದು ಇಟ್ಟಿಗೆ, ಬೋರಿನ ನೀರಿನಲ್ಲಿ ಒಂದು ಇಟ್ಟಿಗೆ ಎರಕ ಹೊಯ್ದು, ಪಕ್ಕಪಕ್ಕದಲ್ಲಿಟ್ಟು, ನೀರುಣಿಸಿ, ಗಟ್ಟಿಯಾಗಲು ಬಿಟ್ಟ. ಕಾಯುವುದಷ್ಟೇ ಉಳಿಯಿತು. ಆ ಕಾಯುವಿಕೆಯಲ್ಲಿ ಆಸ್ಪತ್ರೆಯೊಂದು ಕೈಬಿಟ್ಟು ಹೋಯಿತು, ಮರಳಲಿಲ್ಲ. ಇಬ್ಬರು ಹೆಂಗಸರು ಊರಿಗೆ ಹೊರಟುಹೋದರು. ಕೊನೆಗೊಂದು ಬೆಳಿಗ್ಗೆ ಅತ್ತೆ ಸೆರಗು ಸಿಕ್ಕಿಸಿ, ಸುತ್ತಿಗೆ ಎತ್ತಿ, ಎರಡಕ್ಕೂ ಒಂದೇ ಬಲದ ಏಟು ಕೊಟ್ಟರು. ಎರಡೂ ಒಡೆಯಲಿಲ್ಲ. ಮತ್ತೆ ಕೊಟ್ಟರು. ಬೋರಿನ ನೀರಿನದು ಮೊದಲು ಬಿರಿಯಿತು. ಇಟ್ಟಿಗೆಯವ ನಗು ತಡೆಯಲಾರದೆ, "ಚಾಲು ಅಕ್ಕಾ, ಸಾಕು! ನನ್ನ ಬೋರೇ ಕೆಟ್ಟದು ಅಂತಾರೆ ಜನ" ಎಂದು ಓಡಿಹೋಗಿ ವಾಲ್ವ್ ತೆರೆದ. ಅಂದಿನಿಂದ ಸೋಮವಾರದ ಗೋಡೆಯ ಮೇಲೆ ಬಿಸ್ಕತ್ತಿನ ಜೊತೆಗೆ, ಅದೇ ನೀರಿನಲ್ಲಿ ಹೊಯ್ದ ಒಂದು ಇಟ್ಟಿಗೆಯೂ ಬಂದು ಕೂತಿತು.

ಇಂದು ಈ ನಗರದ ಸುತ್ತ ಕೆರೆಗಳು ನೊರೆಯುಗುಳುತ್ತವೆ. ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲವೆಂದು ಫಲಕ ತೂಗುಹಾಕಿದ ಗೇಟುಗಳ ಮುಂದೆಯೇ ನಾಲೆಗಳು ಬಣ್ಣ ಬದಲಿಸುತ್ತವೆ. ಸಂಪನ್ಮೂಲಗಳನ್ನು ಹಂಚಿಕೊಳ್ಳಬೇಕೆಂದು ತಂಪು ಸಭಾಂಗಣಗಳಲ್ಲಿ ಭಾಷಣಗಳಾಗುತ್ತವೆ. ನಾನೂ ಅಲ್ಲಿ ಕುಳಿತು ಕೇಳಿದ್ದೇನೆ. ಹಂಚಿಕೊಳ್ಳುವುದು ದೊಡ್ಡ ಮಾತಲ್ಲ. ಬೇಡದ್ದನ್ನು ಪಕ್ಕದವರಿಗೆ ದಾಟಿಸುವುದನ್ನೂ ಹಂಚಿಕೆ ಎಂದೇ ಕರೆಯಬಹುದು. ಕೊಟ್ಟದ್ದು ಗೋಡೆ ದಾಟಿದ ಮೇಲೂ ನನ್ನದೇ ಎಂದು ಒಪ್ಪುವ ಒಬ್ಬ ಮಾಲೀಕನನ್ನು, ಒಬ್ಬ ಅಧಿಕಾರಿಯನ್ನು ನನಗೆ ತೋರಿಸಿ ಎಂದು ನಾನು ಪ್ರತಿ ಸಭೆಯಲ್ಲೂ ಎದ್ದು ಕೇಳುತ್ತೇನೆ. ಕೇಳುವ ಧೈರ್ಯ ನನ್ನ ವಿದ್ಯೆಯಿಂದ ಬಂದಿರಬಹುದು. ಅಂಥವರು ಇರಲು ಸಾಧ್ಯ ಎಂಬ ನಂಬಿಕೆ ಮಾತ್ರ ಅತ್ತೆ ಕೊಟ್ಟದ್ದು.

ಅವರ ಕೊನೆಯ ದಿನಗಳು ಆಸ್ಪತ್ರೆಯಲ್ಲಿ ಕಳೆದವು. ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ನರ್ಸಮ್ಮ ದುಪ್ಪಟಿ ಬದಲಿಸಿ ಹೋಗುವಷ್ಟರಲ್ಲಿ ಅತ್ತೆ ಅದರ ಅಂಚನ್ನು ಬೆರಳುಗಳ ನಡುವೆ ತಿಕ್ಕಿ, ಮೂಗಿಗೆ ಹಿಡಿದರು. "ಹಸೀ ಇದ್ದಾಗ ಮಡಚ್ಯಾರ" ಎಂದರು. ನರ್ಸಮ್ಮ ಬೀದರ್ ಕಡೆಯ ಹುಡುಗಿ. "ಆ ಲಾಂಡ್ರಿಯವರು ಹಂಗೇ ಅಮ್ಮಾ, ಎಷ್ಟು ಹೇಳಿದರೂ ಕೇಳಂಗಿಲ್ಲ. ತಾಳ್ರಿ, ಬ್ಯಾರೆ ತರ್ತೀನಿ" ಎಂದಳು.

"ಹೌದವ್ವ, ತಪ್ಪು ಅವರದ. ಆ ಲಾಂಡ್ರಿ ನಂದ" ಎಂದರು ಅತ್ತೆ. ಹುಡುಗಿ ದುಪ್ಪಟಿ ತೆಗೆಯಲು ಬಾಗಿದಳು. "ಒಣಗಿದ್ದು ಇದ್ರ ಬಾಜೂ ಮಂಚದಾಕಿಗೆ ಹಾಕು. ಇದರ ಮ್ಯಾಲ ನಾನಾ ಮಲಗತೀನಿ."

ಎಷ್ಟು ಹೇಳಿದರೂ ಬದಲಿಸಲು ಬಿಡಲಿಲ್ಲ. ಮರುದಿನ ನಸುಕಿನಲ್ಲಿ, ಅದರ ಮೇಲೆಯೇ, ಅವರ ಉಸಿರು ನಿಂತಿತು. ಅವರನ್ನು ಎತ್ತಿದ ಮೇಲೆ ನಾನು ಆ ದುಪ್ಪಟಿಯನ್ನು ಮುಟ್ಟಿ ನೋಡಿದೆ. ಅವರ ಮೈಯ ಕಾವಿಗೆ ಅದು ಪೂರ್ತಿ ಒಣಗಿತ್ತು.