ಉಳಿಸಿಕೊಂಡ ಗಣಿತದ ಪೇಪರು

ಅಪ್ಪ ಇನ್ನೊಂದು ಸಂಸಾರ ಹೂಡಿ ತ್ಯಾಗರಾಜನಗರಕ್ಕೆ ಹೋದಾಗ ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದೆ. ಮನೆತನದ ಹಿರಿಯರು ಕೂತು ತೀರ್ಮಾನಿಸಿದ್ದು ಒಂದೇ ಮಾತು: ಹುಡುಗನ ಓದು ಮುಗಿಯುವವರೆಗೆ ಅಪ್ಪ ತಿಂಗಳಿಗೆ ಇಷ್ಟು ಅಂತ ಕೊಡಬೇಕು. ಅಮ್ಮನ ಹೊಟ್ಟೆಪಾಡಿನ ಬಗ್ಗೆ ಆ ದೊಡ್ಡ ಮನುಷ್ಯರು ಯಾರೂ ಬಾಯಿ ಬಿಡಲಿಲ್ಲ. ಹೀಗಾಗಿ ಜಯನಗರದ ನಮ್ಮ ವಠಾರದ ಮನೆಯಲ್ಲಿ ಇಬ್ಬರ ಊಟವೂ ನನ್ನ ಓದಿನ ಮೇಲೆ ನಿಂತಿತ್ತು.

ಅರವತ್ತರ ದಶಕದಲ್ಲಿ ನಾನು ಪಾಲಿಟೆಕ್ನಿಕ್ ಸೇರಿದ ಮೇಲೆ ಅಪ್ಪ ಹೊಸದೊಂದು ಪದ್ಧತಿ ಶುರು ಮಾಡಿದರು. ಪ್ರತಿ ತಿಂಗಳ ಮೊದಲ ಭಾನುವಾರ ಹಾಜರಾತಿ ಚೀಟಿ ತೆಗೆದುಕೊಂಡು ಹೋಗಬೇಕು, ಅದರ ಮೇಲೆ ಆಫೀಸಿನ ಸೀಲು ಇರಬೇಕು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಅವರು. ಮಗನನ್ನೂ ಪುರಾವೆಯಿಲ್ಲದೆ ಒಪ್ಪುತ್ತಿರಲಿಲ್ಲ. ಜಗಲಿಯಲ್ಲೇ ಚೀಟಿ ಓದಿ, ದುಡ್ಡಿನ ಲಕೋಟೆ ಕೊಟ್ಟು, "ಸರಿ, ಹೊರಡು" ಅನ್ನುತ್ತಿದ್ದರು. ನನಗೆ ಅವಮಾನವೂ ಆಗುತ್ತಿರಲಿಲ್ಲ. ರೇಷನ್ ಅಂಗಡಿಗೆ ಹೋಗಿ ಬಂದ ಹಾಗೆ ಹೋಗಿ ಬರುತ್ತಿದ್ದೆ.

ಕೊನೆಯ ವರ್ಷದ ಪರೀಕ್ಷೆಗೆ ವಾರವಿದ್ದಾಗ ಅಮ್ಮ ಅಕ್ಕಿ ಆರಿಸುತ್ತಾ, "ಪಾಸಾದ್ರೆ ಅವರು ನಿಲ್ಲಿಸ್ಬಿಡ್ತಾರೆ. ನಿಂಗೆ ಕೆಲ್ಸ ಸಿಗೋವರ್ಗೂ ಏನೋ ಮಾಡೋದು?" ಅಂದಳು. ಆಮೇಲೆ ಮೊರದಿಂದ ತಲೆಯೆತ್ತದೆ, "ಒಂದು ಪೇಪರ್ ಉಳಿಸ್ಕೋ" ಅಂದಳು.

ಗಣಿತ ಉಳಿಸಿಕೊಂಡೆ. ಲೆಕ್ಕಗಳೆಲ್ಲ ಬರುತ್ತಿದ್ದವು. ಬರುವುದನ್ನು ಬರೆಯದೆ ಮೂರು ಗಂಟೆ ಕೂತಿರುವುದಕ್ಕಿಂತ ಬೇಜಾರಿನ ಕೆಲಸವನ್ನು ನಾನು ಆಮೇಲೆ ನೌಕರಿಯಲ್ಲೂ ಮಾಡಿಲ್ಲ.

ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ಹಿಡಿದುಕೊಂಡು ತ್ಯಾಗರಾಜನಗರಕ್ಕೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, "ಒಳಗೆ ಬಾ" ಅಂದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಚಾಪೆ ಹಾಸಿ, ಪಕ್ಕದಲ್ಲಿ ಕೂರಿಸಿಕೊಂಡು, ನನಗೆ ಬಾಯಿಪಾಠವಾಗಿದ್ದ ಲೆಕ್ಕವನ್ನೇ ಮೊದಲಿನಿಂದ ಹೇಳಿಕೊಡತೊಡಗಿದರು. ನಾನು ಪೆದ್ದನ ಹಾಗೆ ತಲೆಯಾಡಿಸಿದೆ.

ಸ್ವಲ್ಪ ಹೊತ್ತಿಗೆ ಅವರ ಪೆನ್ಸಿಲು ನಿಂತಿತು. "ತಪ್ಪು ನಿಂದಲ್ಲ ಕಣಪ್ಪ. ಊರ ಮಕ್ಕಳಿಗೆಲ್ಲ ಹೇಳ್ಕೊಟ್ಟೆ, ನಿಂಗೆ ಒಂದಿನಾನೂ ಹೇಳ್ಕೊಡ್ಲಿಲ್ಲ. ನಾನು ಜೊತೇಲಿದ್ದಿದ್ರೆ ನೀನು ಫೇಲಾಗ್ತಿರ್ಲಿಲ್ಲ" ಅಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಮ್ಮನೂ ನಾನೂ ಅಷ್ಟು ವರ್ಷ ಕಾದಿದ್ದ ಮಾತು ಅದು. ಕೇಳಿಸಿಕೊಂಡು ಏನೂ ಅನ್ನಿಸದೆ ಕೂತಿದ್ದೆ. ಮುಂದಿನ ಲೆಕ್ಕವನ್ನು ನಾನೇ ಮಾಡಲಿ ಅಂತ ಅವರು ಪೆನ್ಸಿಲು ಕೊಟ್ಟರು. ತಪ್ಪಾಗಿ ಮಾಡಿದೆ.