ಮಾವ ಮೂಸಿ ನೋಡಿದ ಕೈ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಜಯಂತಿ ಟ್ರಂಕು ತೆಗೆದಳು. ತೀರಿಹೋದ ಅವಳಪ್ಪನ ಟವೆಲ್ಲು ಈಚೆಗೆ ಬಂತು, ಅದರ ಜೊತೆಗೆ ಹೊಗೆಸೊಪ್ಪಿನ ವಾಸನೆಯೂ. ಎಷ್ಟು ಒಗೆದರೂ ಹೋಗದ ವಾಸನೆ ಅದು. ನನಗೆ ಅವಳ ತವರೂರು ಕಟ್ಟೆಮಳಲವಾಡಿಯ ಜಗಲಿ ನೆನಪಾಯಿತು, ಹೆಣ್ಣು ನೋಡಲು ಹೋಗಿ ನಾನೇ ಪರೀಕ್ಷೆಗೆ ಕೂತ ಜಗಲಿ.

ಆಗ ನಾನು ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಗಾಂಜಾದ ಸತ್ವ ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ವಿಷಯ. ಇದನ್ನು ಸಾಲಿಗ್ರಾಮದ ನನ್ನ ಸೋದರಮಾವ "ಹುಡ್ಗ ಭಂಗಿ ಸೊಪ್ಪಲ್ಲಿ ಡಾಕ್ಟ್ರಾಯ್ತಾವ್ನೆ" ಎಂದು ಹೆಣ್ಣಿನ ಮನೆಗೆ ಮೊದಲೇ ಮುಟ್ಟಿಸಿದ್ದ. ಪುಣ್ಯಾತ್ಮ! ನನಗೋ ಜಯಂತಿಯ ಫೋಟೋ ನೋಡಿದಂದಿನಿಂದ ಬೇರೆ ಯಾರೂ ಬೇಡವಾಗಿತ್ತು.

ಮುಂದೆ ನನಗೆ ಮಾವನಾದ ಅವಳಪ್ಪ ಹೊಗೆಸೊಪ್ಪು ಬೆಳೆಯುವವರು, ಎಲೆ ಮೂಸಿಯೇ ದರ್ಜೆ ಹೇಳುವವರು. ಕಾಫಿ ಮುಗಿಯುವ ಮೊದಲೇ ನನ್ನ ಬಲಗೈ ಹಿಡಿದು ಬೆರಳು ಬೆರಳೂ ಮೂಸಿದರು. ಮುಖ ಗಂಟಾಯಿತು.

"ವಾಸ್ನೇನೇ ಇಲ್ವಲ್ಲಾ! ಸೊಪ್ಪು ಮುಟ್ದೋನ ಕೈಯಾ ಇದು?" ಎಂದು ಹೆಂಡತಿಯತ್ತ ತಿರುಗಿದರು. "ಕೆಲ್ಸ ಐತೆ ಅಂತ ಸುಳ್ಳು ಏಳ್ತಾವ್ನೆ ಕಣಮ್ಮೀ. ಈ ಸಂಬಂಧ ಬ್ಯಾಡ, ಬುಡು."

ನೀವೇ ಹೇಳಿ, ಗಾಂಜಾ ಸೇದುವವನೆಂದು ಬೈಸಿಕೊಳ್ಳಲು ನಾನು ಸಜ್ಜಾಗಿಯೇ ಹೋಗಿದ್ದೆ. ಕೆಲಸವೇ ಇಲ್ಲದ ಸುಳ್ಳುಗಾರ ಅನ್ನಿಸಿಕೊಳ್ಳುತ್ತೇನೆಂದು ಎಣಿಸಿರಲಿಲ್ಲ. ಬಾಗಿಲಲ್ಲಿದ್ದ ಜಯಂತಿಯೇ ಕೇಳಿದಳು: "ಸೊಪ್ಪು ಮುಟ್ದೆ ಇನ್ನೇನು ಹುಡುಕ್ತೀರಿ?"

ಹೇಳಿದೆ. ಭಂಗಿ ಸೊಪ್ಪಿನ ಸತ್ವವನ್ನು ಹೊರದೇಶದವರು ಎಂದೋ ಬೇರ್ಪಡಿಸಿದ್ದರು. ಅದು ಮಿದುಳಿನಲ್ಲಿ ಎಲ್ಲಿ ಕೂರುತ್ತದೆಂದು ಹುಡುಕಿದಾಗ ಅದಕ್ಕೆಂದೇ ಮಾಡಿದಂಥ ಜಾಗ ಸಿಕ್ಕಿತು. ಎಲ್ಲೋ ಬೆಳೆಯುವ ಗಿಡಕ್ಕೆ ಮೈಯೇಕೆ ಜಾಗ ಕಾದಿರಿಸಬೇಕು? ಮತ್ತೆ ಹುಡುಕಿದರು. ಮೈ ತಾನೇ ಅಂಥದೊಂದನ್ನು ತಯಾರಿಸುತ್ತಿತ್ತು! ಸಂಸ್ಕೃತದ ಒಲವಿದ್ದ ಒಬ್ಬ ಸಂಶೋಧಕ ಅದಕ್ಕೆ ನಮ್ಮ 'ಆನಂದ'ದ ಹೆಸರನ್ನೇ ಇಟ್ಟ. ನನ್ನ ಕೆಲಸ ಅದರ ಮೇಲೆ, ಎಲೆಯ ಮೇಲಲ್ಲ.

ಮಾವ ಹೊಗೆಸೊಪ್ಪನ್ನು ಸೌದೆಯ ಕಾವಿನಲ್ಲಿ ಬೇಯಿಸಿ ಹದ ಮಾಡುವ ತಮ್ಮ ಬ್ಯಾರನ್ ಮನೆಯ ಕಡೆ ಒಮ್ಮೆ ನೋಡಿದರು. "ಬ್ಯಾರನ್ ಇಲ್ದೆ, ಸೌದೆ ಇಲ್ದೆ, ಮೈಯೇ ಮಾಡ್ಕತದಾ? ನಂಗೂವೆ?"

"ನಿಮಗೂ."

ಜಯಂತಿ ನಕ್ಕುಬಿಟ್ಟಳು. ಮಗಳ ಮುಖ ನೋಡಿ ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಸುಳ್ಳು ಏಳೋನಾಗಿದ್ರೆ ಇಷ್ಟು ಕಷ್ಟದ್ದು ಏಳ್ತಿರ್ನಿಲ್ಲ. ಆಗ್ಲಿ ಬುಡು. ಆದ್ರೂ ಕೈ ವಾಸ್ನೆ ಇರ್ಬೇಕಿತ್ತು ಕಣ್ರೀ."

ಆಮೇಲೆ ಹಬ್ಬಕ್ಕೆ ಹೋದಾಗಲೆಲ್ಲ ನನ್ನ ಕೈ ಮೂಸಿ, ಇಲ್ಲವೆಂದು ತಲೆಯಾಡಿಸಿ ನಗುತ್ತಿದ್ದರು. ಮೈಯಲ್ಲಿ ಹುಟ್ಟುವ ಆ ಆನಂದ ಬೇಗ ಕರಗಿಹೋಗುತ್ತದೆಂದು ನಾನು ಈಗ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಅದು ನಿಜವೇ, ಆದರೆ ಇವತ್ತು ಈ ಟವೆಲ್ಲಿನ ಮುಂದೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಅದನ್ನು ಮಡಿಸಿ ಟ್ರಂಕಿಗಿಟ್ಟೆ. ಜಯಂತಿ ನನ್ನ ಬಲಗೈ ಹಿಡಿದು ಮೂಸಿದಳು. ಅವಳ ಕಣ್ಣು ತುಂಬಿತ್ತು.

"ಈಗ ವಾಸ್ನೆ ಐತೆ ಕಣ್ರೀ," ಎಂದಳು. "ಅಪ್ಪ ಇರ್ಬೇಕಿತ್ತು."