ದೀಪಕ್ಕೂ ಕ್ಯಾಮರಾಕ್ಕೂ ಒಂದೇ ಬ್ಯಾಟರಿ

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ನೋಡಿಕೊಳ್ಳುತ್ತಾರೆ. ನಾನು ಈಚೆಗೆ ಸ್ವಿಚ್ ಬೋರ್ಡ್ ನೋಡುತ್ತೇನೆ. ಅಲ್ಲಿ ವೈರಿಗೆ ಜೋತುಬಿದ್ದಿರುವ ನನ್ನ ಹೊಸ ಸಾಮಾನಿನ ಮೇಲೆ ನೂರು ಎಂಬ ಅಂಕಿ ಕಂಡರೆ ದಿನ ಚಲೋ. ಕಡಿಮೆ ಕಂಡಿತೋ, ಚಹಾ ಕೂಡ ರುಚಿಸುವುದಿಲ್ಲ. "ಐವತ್ತು ದಾಟಿದ ಮ್ಯಾಲೆ ಮಂದಿಗೆ ಭಕ್ತಿ ಬರ್ತೈತಿ, ನಿಮಗ ಚಾರ್ಜರ್ ಬಂತಲ್ರೀ!" ಎಂದು ನಮ್ಮ ಮನೆಯಾಕೆ ಶಾಂತಾ ನಗುತ್ತಾಳೆ. ನಗಲಿ ಬಿಡ್ರಿ.

ಆ ಸಾಮಾನಾದರೂ ಎಂಥದು ಅಂತೀರಿ! ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಗಿಸುವ ದೀಪ. ಅದರ ಹೊಟ್ಟೆಯೊಳಗೇ ಒಂದು ಕ್ಯಾಮರಾ. ದಾರಿಗೆ ಬೆಳಕು ಚೆಲ್ಲುತ್ತಲೇ ದಾರಿಯನ್ನೆಲ್ಲ ಚಿತ್ರ ಹಿಡಿಯುತ್ತದೆ. ಮುಷ್ಟಿಯಲ್ಲಿ ಅಡಗುವಷ್ಟೇ ಗಾತ್ರ. ಡಬ್ಬಿ ಬಿಚ್ಚಿದ ದಿನ ನಾನು ಮನೆಯೊಳಗೇ ಅದನ್ನು ಹೊತ್ತಿಸಿಕೊಂಡು, ಅಡುಗೆಮನೆ, ಪಡಸಾಲೆ, ಬಚ್ಚಲು ಎಲ್ಲವನ್ನೂ ಚಿತ್ರೀಕರಿಸಿ, ಆಮೇಲೆ ಕೂತು ನೋಡಿದೆ. ನಮ್ಮ ಮನೆ ಇಷ್ಟು ಚೆಂದ ಐತೆಂದು ನನಗೇ ಗೊತ್ತಿರಲಿಲ್ಲ.

ಇದನ್ನು ನಾನು ಶೋಕಿಗೆ ಕೊಂಡದ್ದಲ್ಲ. ಕೊಂಡದ್ದು ಹುಲುಗಪ್ಪನ ಮಂಡಿಗಾಗಿ.

ಹುಲುಗಪ್ಪ ನನ್ನ ಸೈಕಲ್ ಗೆಳೆಯ. ನಾನು ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಕುರ್ಚಿ ಸವೆಸುವವನು; ಅವನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್. ಯಾವ ಶಿಫ್ಟ್ ಇರಲಿ, ಭಾನುವಾರ ಬೆಳಿಗ್ಗೆ ನಮ್ಮ ಕ್ವಾರ್ಟರ್ಸ್ ಮುಂದೆ ಅವನ ಬೆಲ್ಲು ಕೇಳಿಸಬೇಕು. ಹಂಪಿ, ಕಮಲಾಪುರ, ಕಂಪ್ಲಿ, ಸಂಡೂರು, ಎಲ್ಲ ದಾರಿಗಳೂ ನಮ್ಮವೇ. ಅದಿರಿನ ಲಾರಿಗಳ ನಡುವೆ ಹೂವಿನಂತೆ ಸೈಕಲ್ ತೂರಿಸುತ್ತಿದ್ದ ಈ ಮಹಾರಾಯ ಕೊನೆಗೆ ಬಿದ್ದದ್ದೆಲ್ಲಿ? ಸ್ವಂತ ಬಚ್ಚಲಿನಲ್ಲಿ! ಸಾಬೂನಿನ ಮೇಲೆ ಕಾಲಿಟ್ಟು ಮಂಡಿಚಿಪ್ಪು ಒಡೆದುಕೊಂಡ. "ರೋಡಿನ್ಯಾಗ ಬಿದ್ದಿದ್ರ ಒಂದು ಮರ್ಯಾದಿ ಇತ್ತಲೇ" ಎಂದು ಆಸ್ಪತ್ರೆಯಲ್ಲೂ ಅದೇ ಕೊರಗು.

ಆಪರೇಷನ್ ಆಯಿತು, ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲೊಲ್ಲದು. ಮನೆಯೊಳಗೇ ತುಳಿಯೋ ನಿಂತ ಸೈಕಲ್ ತುಳಿಸ್ರಿ, ಪೆಡಲ್ ಪೂರ್ತಿ ಒಂದು ಸುತ್ತು ಬಂದರೆ ಗೆದ್ದಂಗ, ಈಗ ಬಿಟ್ಟರೆ ಕಾಲು ಒನಕೆ ಆಗಿ ಉಳಿಯುತ್ತದೆ ಎಂದು ಡಾಕ್ಟ್ರು ಹೇಳಿದರು. ಅವನ ಹೆಂಡತಿ ಈರಮ್ಮ ಪಾಪ, ಓಡಾಡಿ ಒಂದು ನಿಂತ ಸೈಕಲ್ ತರಿಸಿದಳು. ಇವನು ಅದರ ಮೇಲೆ ಎರಡು ದಿನ ಕೂತು, ಪೆಡಲನ್ನು ಅರ್ಧ ಹಿಂದೆ ಅರ್ಧ ಮುಂದೆ ಆಡಿಸಿ, ಇಳಿದುಬಿಟ್ಟ. "ಗ್ವಾಡಿ ನೋಡ್ಕೋತ ತುಳಿಯಾಕ ನಾ ಏನು ಗಾಣದ ಎತ್ತೇನು?" ಎಂದ. ನಾನು ಹೋದಾಗ ಅದರ ಹ್ಯಾಂಡಲ್ ಮೇಲೆ ಈರಮ್ಮ ಟವೆಲ್ ಒಣಹಾಕಿದ್ದಳು. "ಅಣ್ಣಾ, ನೀವಾರ ಹೇಳ್ರಿ, ಕಾಲು ಹಿಂಗ ಉಳಿದ್ರ ಇವರು ಜೀವಾನ ಬಿಡ್ತಾರ" ಎಂದು ಕಣ್ಣೊರೆಸಿಕೊಂಡಳು.

ಆವಾಗ ಹೊಳೆಯಿತು ನೋಡ್ರಿ! ಗೋಡೆ ಬೇಡವೆಂದರೆ ರೋಡನ್ನೇ ತಂದು ಗೋಡೆಗೆ ಹಚ್ಚಿದರೆ? ಅವನಿಗೆ ಪ್ರಾಣವಾದ ಸಂಡೂರಿನ ದಾರಿಯನ್ನು, ಗುಡ್ಡದ ಏರು ಸಮೇತ, ಮೊದಲಿನಿಂದ ಕೊನೆತನಕ ಹಿಡಿದು ಅವನ ಟಿ.ವಿ.ಯಲ್ಲಿ ಹಾಕಿದರೆ? ಖುಷಿಗೆ ಮನೆತನಕ ಬ್ರೇಕನ್ನೇ ಹಿಡಿಯಲಿಲ್ಲ.

ಡಬ್ಬಿಯ ಮೇಲೆ ಆರು ತಾಸು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಕನ್ನಡಕ ಹಾಕಿಕೊಂಡು ಓದಬೇಕಿತ್ತು, ಓದಲಿಲ್ಲ. ಪರೀಕ್ಷೆಗೆಂದು ಒಂದು ನಸುಕಿನಲ್ಲಿ ಕಂಪ್ಲಿ ದಾರಿ ಹಿಡಿದೆ. ದೀಪ ಜೋರು, ಕ್ಯಾಮರಾ ಜೋರು, ನಾನಂತೂ ಇನ್ನೂ ಜೋರು. ಬಾಳೆತೋಟ, ಭತ್ತದ ಗದ್ದೆ, ಮೈಮುರಿಯುತ್ತಿದ್ದ ಚಹಾದಂಗಡಿ, ಎಲ್ಲವೂ ಒಳಗೆ ಇಳಿಯುತ್ತಿವೆ ಎಂದುಕೊಂಡು ಹಾಡುತ್ತಾ ಹೊರಟೆ. ಬುಕ್ಕಸಾಗರ ದಾಟುವಷ್ಟರಲ್ಲಿ ಕುಂಯ್ ಎಂದು ಕೂಗಿ ಎಲ್ಲ ಆರಿತು. ಕಂಪ್ಲಿ ಇನ್ನೂ ದೂರ, ಬೆಳಕು ಆಗತಾನೆ ಹರಿಯುತ್ತಿತ್ತು.

ಸಂಗತಿ ಇಷ್ಟೇ: ದೀಪ, ಕ್ಯಾಮರಾ ಎರಡಕ್ಕೂ ಒಂದೇ ಬ್ಯಾಟರಿ. ಒಂದೇ ಬುತ್ತಿಗೆ ಇಬ್ಬರು ಕೂತಂತೆ. ಕ್ಯಾಮರಾ ಪಾಪ ಮರ್ಯಾದಸ್ಥ, ತುತ್ತು ತುತ್ತಾಗಿ ಉಣ್ಣುತ್ತದೆ. ದೀಪ ಮಾತ್ರ ಬಕಾಸುರ, ರೊಟ್ಟಿಯನ್ನು ಮಡಚದೆ ನುಂಗುತ್ತದೆ. ಆರು ತಾಸು ಎಂದದ್ದು ದೀಪ ಹಚ್ಚದೆ ಇದ್ದರೆ! ದೀಪ ಹಚ್ಚದ ದೀಪವನ್ನು ಕೊಂಡೆನಲ್ಲ ಎಂದು ನನ್ನ ಜಾಣತನಕ್ಕೆ ನಾನೇ ನಕ್ಕೆ.

ಹಳೆಯ ಡೈನಮೋ ನೆನಪಾಯಿತು. ಟಯರಿಗೆ ಮೂತಿ ಒತ್ತಿಕೊಂಡು ಗುರ್ರೆನ್ನುತ್ತಿದ್ದ ಆ ಬಾಟ್ಲಿಗೆ ಚಾರ್ಜರ್ ಯಾರು ಕೊಟ್ಟಿದ್ದರು? ತುಳಿದರೆ ಬೆಳಕು, ನಿಂತರೆ ಕತ್ತಲೆ. ಇಳಿಜಾರಿನಲ್ಲಿ ಸೂರ್ಯ, ಏರಿನಲ್ಲಿ ಮಿಂಚುಹುಳ. ಎಲ್ಲಿ ಬೆಳಕು ಭಾಳ ಬೇಕೋ ಅಲ್ಲೇ ಕೈಕೊಡುತ್ತಿತ್ತು, ನಿಜ, ಆದರೆ ಇನ್ನೆಷ್ಟು ಉಳಿದಿದೆ ಎಂಬ ಚಿಂತೆ ಕೊಡುತ್ತಿರಲಿಲ್ಲ. ಈಗ ಆ ಅಂಕಿಯೇ ಒಂದು ರೋಗ. ಎಪ್ಪತ್ತು ಇದ್ದಾಗ ನಾನು ಉದಾರಿ, ದಾರಿಹೋಕರಿಗೆಲ್ಲ ನಮಸ್ಕಾರ. ಇಪ್ಪತ್ತಕ್ಕೆ ಇಳಿದರೆ ಸ್ವಂತ ಭಾವಮೈದ ಎದುರಾದರೂ ಗುರುತು ಹಿಡಿಯುವುದಿಲ್ಲ. ಈ ವಿಷಯದಲ್ಲಿ ಹಂಪಿಯವರೇ ಶ್ಯಾಣ್ಯಾರು. ಮಹಾನವಮಿ ದಿಬ್ಬದ ಗೋಡೆ ನೋಡ್ರಿ: ಆನೆ ಹೊಂಟಾವ, ಕುದುರೆ ಹೊಂಟಾವ, ಕುಣಿಯೋರು ಕುಣಿದೇ ಕುಣಿಯುತ್ತಾರೆ. ಒಮ್ಮೆ ಕೆತ್ತಿಟ್ಟರು, ಮುಗಿಯಿತು. ಇವತ್ತಿಗೂ ಒಂದು ಆನೆಯೂ ಅರ್ಧದಲ್ಲಿ ಆರಿಲ್ಲ. ಆದರೆ ಹುಲುಗಪ್ಪನಿಗಾಗಿ ಸಂಡೂರಿನ ದಾರಿ ಕೆತ್ತುತ್ತಾ ಕೂಡಲು ನನಗೆ ರಜೆ ಯಾರು ಕೊಡುತ್ತಾರೆ? ಬ್ಯಾಟರಿಯೇ ಗತಿ.

ಪಕ್ಕಾ ಲೆಕ್ಕ ಹಾಕಿದೆ. ಬೆಳಕು ಹರಿದ ಮೇಲೇ ಹೊರಡುವುದು, ದೀಪ ಪೂರ್ತಿ ಬಂದ್. ಮೇಲಾಗಿ ಒಂದು ಪವರ್ ಬ್ಯಾಂಕನ್ನು ಹ್ಯಾಂಡಲ್ಲಿಗೆ ಕಟ್ಟಿದೆ, ಕಡಿಮೆಯಾದರೆ ವೈರು ಸಿಗಿಸಿದರಾಯಿತು. ಮಳೆ ಬಿಟ್ಟ ಕಾಲ, ಸಂಡೂರಿನ ಗುಡ್ಡಗಳೆಲ್ಲ ಹಸಿರು ಹೊದ್ದು ಕೂತಿದ್ದವು. ಶನಿವಾರ ಸಂಜೆ ಸಾಮಾನನ್ನು ಚಾರ್ಜಿಗೆ ಹಾಕಿದೆ.

ಭಾನುವಾರ ಎದ್ದು ನೋಡಿದರೆ ಅರವತ್ತು! ಕರೆಂಟು ಹೋಗಿರಬೇಕು ಎಂದುಕೊಂಡೆ. ಡ್ಯಾಂನ ಮಗ್ಗುಲಲ್ಲೇ ಮನೆ ಇದ್ದರೂ ಕರೆಂಟಿಗೆ ನಮ್ಮ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಇರಲಿ, ಪವರ್ ಬ್ಯಾಂಕ್ ಇದೆಯಲ್ಲ ಎಂದು ಹಿಂದೆಮುಂದೆ ನೋಡದೆ ವೈರು ಕಿತ್ತು ಹೊರಟೆ. ಆಹಾ, ಏನು ಬೆಳಗು ಅದು! ಕೆಂಪು ಮಣ್ಣು, ಹಸಿರು ಗುಡ್ಡ, ತಣ್ಣನೆ ಗಾಳಿ. ಒಂದು ಲಾರಿ ಹಾರ್ನ್ ಬಾರಿಸಿದರೂ ಹುಲುಗಪ್ಪ ಕೇಳಲಿ ಎಂದು ಖುಷಿಪಟ್ಟೆ. ಏರಿನ ಬುಡಕ್ಕೆ ಬಂದಾಗ ಅಂಕಿ ಹತ್ತಕ್ಕೆ ಇಳಿದಿತ್ತು. ಕಾಲಿಳಿಸಿ ವೈರು ತೆಗೆದು ಸಿಗಿಸಹೋದೆ. ಹೋಗಲೊಲ್ಲದು. ತಿರುವಿ ಸಿಗಿಸಿದೆ, ಊದಿ ಸಿಗಿಸಿದೆ, ಊಹೂಂ. ಹಿಂದೆ ತಿರುಗಿಸಿ ನೋಡಿದರೆ ಚಾರ್ಜಿನ ತೂತಿನ ತುಂಬ ಕುಂಕುಮ! ಹದವಾಗಿ ನೀರಲ್ಲಿ ಕಲಸಿ, ಅದುಮಿ, ಒಣಗಿದ ಕುಂಕುಮ. ಕೀಲಿಕೈಯಿಂದ ಕೆರೆದರೂ ಬರಲಿಲ್ಲ. ಇದ್ದಷ್ಟು ಸಿಗಲಿ ಎಂದು ಹಲ್ಲು ಕಚ್ಚಿ ಏರತೊಡಗಿದೆ. ಎರಡು ತಿರುವು ಆಗಿತ್ತು, ಕುಂಯ್ ಎಂದಿತು. ಅಳುವೇ ಬಂತು ನನಗೆ. ಇಡೀ ದಾರಿಯಲ್ಲಿ ಹುಲುಗಪ್ಪನಿಗೆ ಬೇಕಾದದ್ದು ಅದೊಂದೇ ಏರು.

ಮನೆಗೆ ಬಂದು ಗದರಿದರೆ ಶಾಂತಾ ನನ್ನನ್ನೇ ಗದರಿದಳು. "ಹೊಸಾ ಸಾಮಾನು, ಪೂಜಿ ಇಲ್ಲದ ಗುಡ್ಡಕ್ಕ ಒಯ್ಯೋದೇನ್ರಿ? ಅದಕ್ಕ ವೈರು ಬಿಚ್ಚಿ ದೇವರ ಮುಂದ ಇಟ್ಟೆ. ಮುಂದ ಕಣ್ಣೈತಿ, ಅದಕ್ಕ ಹಚ್ಚಬಾರದು. ಹಿಂದ ಸಣ್ಣ ತೂತು ಇತ್ತು, ಬೊಟ್ಟು ಇಡಾಕಂತನ ಮಾಡ್ಯಾರ ಅಂತ ತಿಳ್ಕೊಂಡೆ. ಆಮ್ಯಾಲೆ ವೈರು ಒತ್ತಿ ಹಾಕೇನಿ ಮತ್ತ!" ಎಂದಳು. ಇಷ್ಟು ವಿಚಾರ ಮಾಡಿ ತಪ್ಪು ಮಾಡಿದವರನ್ನು ಬೈಯುವುದಾದರೂ ಹೇಗೆ?

ಸಂಜೆ ಜೋಲುಮೋರೆ ಹಾಕಿಕೊಂಡು ಹುಲುಗಪ್ಪನ ಮನೆಗೆ ಹೋದೆ. ಏರು ಪೂರ್ತಿ ಇಲ್ಲವೆಂದು ಮೊದಲೇ ಹೇಳಿದರೆ ಅವನು ಹತ್ತುವುದೇ ಇಲ್ಲ, ಅದಕ್ಕೆ ಹೇಳಲಿಲ್ಲ. ಈರಮ್ಮ ಟವೆಲ್ ತೆಗೆದಳು, ನಾನು ಟಿ.ವಿ.ಗೆ ಹಚ್ಚಿದೆ. "ಏನಲೇ ಇದು ಚಿಕ್ಕ ಹುಡುಗರ ಆಟ" ಎಂದು ಗೊಣಗುತ್ತಲೇ ಹತ್ತಿ ಕೂತ. ಊರು ದಾಟುವತನಕ ಪೆಡಲು ಅರ್ಧ ಹಿಂದೆ, ಅರ್ಧ ಮುಂದೆ. ನಡುವಿನ ಉದ್ದನೆಯ ಬಯಲು ದಾರಿಯನ್ನು ನಾನು ಓಡಿಸಿಬಿಟ್ಟೆ. ಗುಡ್ಡ ಕಂಡದ್ದೇ ಅವನ ಬೆನ್ನು ನೆಟ್ಟಗಾಯಿತು. ಲಾರಿ ಬಂದಾಗ ಎಡಕ್ಕೆ ವಾಲಿದ. "ಆ ತಗ್ಗು ಇನ್ನೂ ಮುಚ್ಚಿಲ್ಲೇನು? ಬಲಕ್ಕ ತಗೋಲೇ ಹುಚ್ಚಾ!" ಎಂದು ಬೆಳಿಗ್ಗೆ ತುಳಿದು ಬಂದ ನನಗೇ ಬೈದ. ಏರು ಶುರುವಾಯಿತು. ಹಲ್ಲು ಕಚ್ಚಿದ, ಹಣೆಯಲ್ಲಿ ಬೆವರೊಡೆಯಿತು. ಮೊದಲ ತಿರುವು. ಎರಡನೆಯ ತಿರುವು. ಕುಂಯ್. ಟಿ.ವಿ. ಕಪ್ಪಾಯಿತು.

ಮುಗೀತು, ಇನ್ನು ಇಳಿಯುತ್ತಾನೆ ಎಂದುಕೊಂಡೆ. ಕಾಲು ನಿಲ್ಲಲಿಲ್ಲ. ಕಪ್ಪು ಟಿ.ವಿ.ಯನ್ನೇ ನೋಡುತ್ತಾ ಮೈ ಮುಂದಕ್ಕೆ ಬಗ್ಗಿಸಿ, "ಹಾ... ಹಾ..." ಎಂದು ಒತ್ತಿದ. ಪೆಡಲು ಮೇಲಕ್ಕೆ ಬಂತು, ಮಂಡಿ ಮಡಚಿತು, ಗಕ್ಕನೆ ಆಚೆ ಉರುಳಿತು. ಪೂರ್ತಿ ಒಂದು ಸುತ್ತು! ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮತ್ತೊಂದು ಸುತ್ತು ಬಂತು.

ನನಗೆ ಭಯವೂ ಆಯಿತು. "ಸಾಕಿಳಿಯಲೇ, ಬ್ಯಾಟರಿ ಹೋಗೈತಿ" ಎಂದೆ.

"ಏರಿನ್ಯಾಗ ಇಳಿ ಅಂತೀಯಲ್ಲೋ ಮಾರಾಯಾ!" ಎಂದು ತಿರುಗಿ ನೋಡದೆ ಗದರಿದ. "ಈಗ ನಿಂತ್ರ ಸೈಕಲ್ ಹಿಂದಕ ಜಾರ್ತೈತಿ."